ಹುಡುಗ ಉಡಾಳ ಆಗಬಾರದು ಅಂದ್ರೆ: ಕುಸ್ತಿ ತಾಲೀಮು, ಕರಾಟೆ ಕ್ಲಾಸು ಆರಿಸುವ ಬಗೆ

ಏಪ್ರಿಲ್ ಸೂಟಿ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಹುಡುಗನ್ನ ತಾಲೀಮಿಗೆ ಹಾಕಬೇಕಂತೀವ್ರೀ, ಉಡಾಳ ಆಗೂದಿಲ್ಲ ಅಲ್ರೀ?" ಬೆಳಗಾವಿಯವರು ಕೇಳುತ್ತಾರೆ, ಜಮಖಂಡಿಯವರು ಕೇಳುತ್ತಾರೆ, ಸಿಂದಗಿ ಕಡೆಯವರೂ ಕೇಳುತ್ತಾರೆ. ಹೆಣ್ಣು ಮಕ್ಕಳ ಮನೆಯವರ ಪ್ರಶ್ನೆ ಬೇರೆ: "ಅಲ್ಲಿ ಕಳಸೂದು ಬರೋಬರಿ ಐತೇನ್ರೀ?"

ನಾನು ನೋಡಿದ ಮಟ್ಟಿಗೆ ಕುಸ್ತಿ, ಕರಾಟೆ ಯಾರನ್ನೂ ತಾನಾಗಿ ಕೆಡಿಸುವುದಿಲ್ಲ. ತಾನಾಗಿ ತಿದ್ದುವುದೂ ಇಲ್ಲ. ಮಗು ಕಲಿಯುವುದು ಆ ಜಾಗದ ರೂಢಿಯನ್ನ. ಗೋಡೆ ತುಂಬ 'ಶಿಸ್ತು, ಸಂಯಮ, ಗೌರವ' ಅಂತ ಬರೆಸಿದ ಕ್ಲಾಸಿನಲ್ಲೇ ಹುಟ್ಟಿದ ತಾರೀಖು ತಿದ್ದಿ ಫಾರ್ಮ್ ತುಂಬುವುದನ್ನು ಕಂಡಿದ್ದೇನೆ. ಹಾಗಾಗಿ ಗೋಡೆ ಓದಬೇಡಿ. ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಕೆಳಗಿದೆ.

ಒಂದೆರಡು ಮಾತು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ತಾಲೀಮು, ಗರಡಿಮನೆ ಎರಡೂ ಒಂದೇ. ನಮ್ಮ ಬೆಳಗಾವಿ ಕಡೆ ತಾಲೀಮು ಅನ್ನೋದು ಜಾಸ್ತಿ. ಕಲಿಸುವವರು ವಸ್ತಾದರು. ಸಾಮು ಅಂದ್ರೆ ದಂಡ, ಬೈಠಕ್ ಮೊದಲಾದ ಕಸರತ್ತು. ಡಾವು ಅಂದ್ರೆ ಪಟ್ಟು.

ಬೇಕಾಗುವುದು ಇಷ್ಟೇ: ಮೂರು ಸಂಜೆ ಬಿಡುವು, ಒಂದು ಸಣ್ಣ ನೋಟ್‌ಬುಕ್, ಮಗುವಿನ ಜನನ ಪ್ರಮಾಣಪತ್ರ. ಮೊದಲ ಮೂರು ದಿನ ಮಗುವನ್ನು ಕರೆದುಕೊಂಡು ಹೋಗಬೇಡಿ. ಅದು ಹೊಸ ಡ್ರೆಸ್ ನೋಡಿ ಅಲ್ಲೇ ಹಟ ಹಿಡಿದರೆ ನಿಮ್ಮ ತೀರ್ಮಾನ ಅಲ್ಲಿಗೇ ಮುಗಿಯಿತು.

1. ಯಾವ ವಿದ್ಯೆ ಅಂತ ಮೊದಲು ನಿಶ್ಚಯ ಮಾಡಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಣ್ಣಿನ ಕುಸ್ತಿಯಲ್ಲಿ ಅಂಕದ ಲೆಕ್ಕಕ್ಕಿಂತ ಚಿತ್ ಮುಖ್ಯ, ಅಂದ್ರೆ ಎದುರಾಳಿಯ ಬೆನ್ನು ಮಣ್ಣಿಗೆ ತಾಗಬೇಕು. ಮ್ಯಾಟ್ ಕುಸ್ತಿಯಲ್ಲಿ ಅಂಕ ಇದೆ, ಸಮಯ ಇದೆ. ಅದರಲ್ಲೂ ಎರಡು ಬಗೆ: ಫ್ರೀಸ್ಟೈಲ್‌ನಲ್ಲಿ ಕಾಲಿಗೆ ಕೈ ಹಾಕಬಹುದು, ಗ್ರೀಕೋ ರೋಮನ್‌ನಲ್ಲಿ ಸೊಂಟದ ಕೆಳಗೆ ಹಿಡಿಯುವ ಹಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆಜಿ ಕಂಚು ತಂದದ್ದು ಈ ಗ್ರೀಕೋ ರೋಮನ್‌ನಲ್ಲಿ. ಜೂಡೊದಲ್ಲಿ ದಪ್ಪ ಜಾಕೆಟ್ ಹಿಡಿದು ಎಸೆಯುವುದು. ಕರಾಟೆ, ಟೇಕ್ವಾಂಡೊಗಳಲ್ಲಿ ಏಟು, ಒದೆತ.

ಹೆಣ್ಣು ಮಕ್ಕಳಿಗೆ ಇದೆಲ್ಲ ಯಾಕೆ ಅನ್ನುವ ಅಜ್ಜಂದಿರಿಗೆ ಬೆಳಗಾವಿಯ ಮಲಪ್ರಭಾ ಜಾಧವ್ ಹೆಸರು ಹೇಳಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಆಟದ 52 ಕೆಜಿಯಲ್ಲಿ ಕಂಚು ಗೆದ್ದವರು. ಕುರಾಶ್ ಅಂದ್ರೆ ಉಜ್ಬೇಕಿಸ್ತಾನ ಕಡೆಯ ನಿಂತು ಹಿಡಿಯುವ ಕುಸ್ತಿ.

ಮನೆಗೆ ಹತ್ತಿರ ಇರೋದು, ಮಗುವಿಗೆ ಇಷ್ಟ ಆಗೋದು, ಈ ಎರಡು ಕೂಡಿದ ಕಡೆ ಹೋಗಿ. ಯಾವ ವಿದ್ಯೆ ಅನ್ನುವುದಕ್ಕಿಂತ ಯಾರ ಕೈಲಿ ಅನ್ನುವುದು ದೊಡ್ಡದು.

2. ಮೂರು ಸಂಜೆ ಸುಮ್ನೆ ಕೂತು ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸ್ತೀನಿ ಅಂದ್ರೆ ಇದನ್ನು ಪಾಲಿಸಿ. ವಸ್ತಾದರಿಗೆ ನಮಸ್ಕಾರ ಮಾಡಿ, "ಮಗನ್ನ ಹಾಕೋ ವಿಚಾರ ಐತ್ರಿ, ನಾಕ ದಿನ ನೋಡ್ತೀನ್ರಿ" ಅನ್ನಿ. ಒಳ್ಳೆಯವರು ಕುರ್ಚಿ ಕೊಡುತ್ತಾರೆ. "ನೋಡೋದೇನೈತಿ, ಫೀ ತುಂಬಿ ಹೋಗ್ರಿ" ಅಂದವರಿಗೆ ಇನ್ನೊಂದು ನಮಸ್ಕಾರ ಹಾಕಿ ಎದ್ದು ಬನ್ನಿ.

ಕೂತಾಗ ಡಾವು ನೋಡಬೇಡಿ, ನಿಮಗೆ ತಿಳಿಯುವುದೂ ಇಲ್ಲ. ಇವನ್ನು ನೋಡಿ:

ಮಣ್ಣು ಯಾರು ಕೆದರುತ್ತಾರೆ? ತಾಲೀಮಿನ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆ ರಸ ಬೆರೆಸಿ ಹದ ಮಾಡಿರುತ್ತಾರೆ. ದಿನಾ ಗುದ್ದಲಿ ಹಾಕಿ ಸಡಿಲ ಮಾಡದಿದ್ದರೆ ಬಿದ್ದವನ ಬೆನ್ನು ಕಲ್ಲಿಗೆ ಬಿದ್ದ ಹಾಗೆ. ದೊಡ್ಡ ಪೈಲ್ವಾನರೂ ಗುದ್ದಲಿ ಹಿಡಿಯುತ್ತಾರಾ, ಅಥವಾ ಸಣ್ಣ ಹುಡುಗರ ಕೈಲೇ ಮಾಡಿಸಿ ತಾವು ಮೊಬೈಲ್ ನೋಡುತ್ತಾ ಕೂರುತ್ತಾರಾ? ಕರಾಟೆ ಕ್ಲಾಸಾದರೆ ಮ್ಯಾಟ್ ಹಾಸೋದು, ಕಸ ಗುಡಿಸೋದು ಯಾರು ಅಂತ ನೋಡಿ.

ಕೈ ತಟ್ಟಿದಾಗ ಎಷ್ಟು ಬೇಗ ಬಿಡುತ್ತಾರೆ? ಹಿಡಿತಕ್ಕೆ ಸಿಕ್ಕವನು ನೋವಾದಾಗ ನೆಲಕ್ಕೋ ಎದುರಾಳಿ ಮೈಗೋ ಎರಡು ಸಲ ತಟ್ಟುತ್ತಾನೆ. 'ಬಿಡು' ಅಂತ ಅರ್ಥ. ಒಂದು ಸಂಜೆ ನಾನು ನೋಡಿದ್ದು ಹೇಳ್ತೀನಿ. ಹದಿನೇಳರ ಹುಡುಗ, ಕೆಳಗೆ ಹನ್ನೆರಡರ ಹುಡುಗ. ಚಿಕ್ಕವನ ಮುಖ ಮಣ್ಣಲ್ಲಿ, ಕೈ ಬೆನ್ನ ಹಿಂದೆ. ಬೆರಳು ಎರಡು ಸಲ ಮಣ್ಣು ತಟ್ಟಿತು, ಸದ್ದೂ ಆಗಲಿಲ್ಲ. ದೊಡ್ಡವನು ಆ ಕ್ಷಣಕ್ಕೇ ಹಿಡಿತ ಬಿಟ್ಟ. ಎದ್ದು, ಚಿಕ್ಕವನ ಕಣ್ಣ ರೆಪ್ಪೆಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ತೆಗೆದು, "ಭುಜ ಒಳಗ ತಗೋ, ಮತ್ತ ಹಿಡಿ" ಅಂದ. ವಸ್ತಾದರು ಆ ಕಡೆ ನೋಡುತ್ತಲೂ ಇರಲಿಲ್ಲ. ನೋಡದೆ ಇದ್ದಾಗ ಹೀಗೆ ನಡೆದರೆ ಆ ತಾಲೀಮಿನ ಬಗ್ಗೆ ಇನ್ನೇನೂ ವಿಚಾರಿಸಬೇಕಿಲ್ಲ. ತಟ್ಟಿದ ಮೇಲೂ ಇನ್ನೊಂದು ಸಲ ತಿರುವಿ, ಸುತ್ತ ನಿಂತವರು ನಕ್ಕರೆ ಅದೂ ಉತ್ತರವೇ.

ಸೋತವನಿಗೆ ಏನು ಸಿಗುತ್ತದೆ? ಬೈಗುಳವೋ, ತಪ್ಪು ತೋರಿಸುವ ಮಾತೋ. ಕುಸ್ತಿ ಕಲಿಸುವವರು ಮೆದುವಾಗಿ ಮಾತಾಡಬೇಕು ಅಂತ ನಾನೇನೂ ಹೇಳಲ್ಲ. ಗದರುವುದು ನಮ್ಮ ಕಡೆ ಪ್ರೀತಿಯ ಒಂದು ಬಗೆ. ಆದರೆ ಗದರಿಕೆ ಡಾವಿನ ಬಗ್ಗೆ ಇರಬೇಕು. ಹುಡುಗನ ಜಾತಿ, ಅಪ್ಪನ ಕೆಲಸ, ಮೈಬಣ್ಣ, ತೂಕದ ಬಗ್ಗೆ ಇದ್ದರೆ ಅಲ್ಲಿಗೆ ಕಳಿಸಬೇಡಿ.

ಕಡೆಯದಾಗಿ, ಪೆಟ್ಟಾದ ಮಗು ಎಲ್ಲಿ ಕೂತಿದೆ? ಮೊಣಕೈ ಊದಿದ ಹುಡುಗನನ್ನು "ಗಂಡಸ ಅದೀಯೋ ಇಲ್ಲೋ" ಅಂತ ಮತ್ತೆ ಕಣಕ್ಕೆ ಇಳಿಸಿದರೆ ನೀವು ಚಪ್ಪಲಿ ಹಾಕಿಕೊಳ್ಳುವ ಹೊತ್ತಾಯಿತು ಅಂತ ತಿಳಿಯಿರಿ.

3. ವಸ್ತಾದರನ್ನು ಐದು ಪ್ರಶ್ನೆ ಕೇಳಿ

ನಾಚಿಕೆ ಬೇಡ. ಮನೆ ಬಾಡಿಗೆಗೆ ಹಿಡಿಯುವಾಗ ಇದಕ್ಕಿಂತ ಜಾಸ್ತಿ ಕೇಳ್ತೀರಿ ಅಲ್ವಾ?

ತಿಂಗಳ ಫೀ ಬಿಟ್ಟು ವರ್ಷಕ್ಕೆ ಒಟ್ಟು ಇನ್ನೇನು ಖರ್ಚು? ನಿಮಗೆ ಕಲಿಸಿದವರು ಯಾರು? ಮಗುವಿಗೆ ಪೆಟ್ಟಾದರೆ ಮೊದಲು ಏನು ಮಾಡ್ತೀರಿ, ಯಾವ ದವಾಖಾನೆ? ಯಾವ ಸಂಘದ ಕಡೆಯಿಂದ ಸ್ಪರ್ಧೆಗೆ ಕಳಿಸ್ತೀರಿ? ಕಪ್ಪು ಬೆಲ್ಟ್‌ಗೆ ಎಷ್ಟು ವರ್ಷ?

ಕಡೆಯ ಪ್ರಶ್ನೆಯಲ್ಲಿ ಬಹಳ ಮಂದಿ ಬೀಳುತ್ತಾರೆ. ಬೆಲ್ಟ್ ಅಂದ್ರೆ ಜೂಡೊ, ಕರಾಟೆಗಳಲ್ಲಿ ಸೊಂಟಕ್ಕೆ ಕಟ್ಟುವ ಬಣ್ಣದ ಪಟ್ಟಿ. ಬಿಳಿಯಿಂದ ಶುರು, ಕಪ್ಪಿನವರೆಗೆ. ಬಣ್ಣದ ಪಟ್ಟಿಯ ಮೆಟ್ಟಿಲಿಗೆ 'ಕ್ಯೂ', ಕಪ್ಪಿನ ಮೆಟ್ಟಿಲಿಗೆ 'ಡಾನ್' ಅಂತ ಹೆಸರು. ಮೊದಲ ಕಪ್ಪು ಪಟ್ಟಿಗೆ ಜಪಾನಿನಲ್ಲಿ 'ಶೋದಾನ್' ಅನ್ನುತ್ತಾರೆ. ಆ ಮಾತಿನ ಅರ್ಥವೇ ಮೊದಲ ಮೆಟ್ಟಿಲು. ಅಂದ್ರೆ ಕಲಿಕೆ ಅಲ್ಲಿಂದ ಶುರು. ನಮ್ಮಲ್ಲಿ ಅದನ್ನು ಕಳಸ ಇಟ್ಟ ಹಾಗೆ ಫ್ಲೆಕ್ಸ್ ಹಾಕುತ್ತಾರೆ. ದಿನಾ ತಪ್ಪದೆ ಬರುವ ಮಗುವಿಗೂ ನಾಲ್ಕೈದು ವರ್ಷ ಹಿಡಿಯುವ ವಿದ್ಯೆ ಅದು. "ಒಂದೂವರೆ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂದವರು ಪಟ್ಟಿ ಮಾರುತ್ತಿದ್ದಾರೆ. ಪಟ್ಟಿ ಬಟ್ಟೆ ಅಂಗಡಿಯಲ್ಲೂ ಸಿಗುತ್ತದೆ.

ಜೊತೆಗೇ ಒಂದು ಎಚ್ಚರಿಕೆ. ಕಲ್ಯಾಣ ಮಂಟಪದಲ್ಲಿ ಮೂರು ಕ್ಲಾಸಿನವರು ಸೇರಿ ನಡೆಸುವುದಕ್ಕೂ 'ಅಂತರರಾಷ್ಟ್ರೀಯ ಸ್ಪರ್ಧೆ' ಅಂತ ಹೆಸರಿಡುವವರಿದ್ದಾರೆ. ಎಂಟ್ರಿ ಫೀ ಕೊಟ್ಟ ಎಲ್ಲರಿಗೂ ಪದಕ. ಮಗು ಒಬ್ಬನೇ ಆಡಿ ಚಿನ್ನ ಗೆದ್ದು ಬಂದಿರುತ್ತದೆ. "ನಿನ್ನ ಗುಂಪಿನಲ್ಲಿ ಎಷ್ಟು ಮಂದಿ ಇದ್ರು?" ಅಂತ ಕೇಳಿ. ಒಬ್ಬನೇ ಅಂದ್ರೆ ಆ ಪದಕದ ಫೋಟೊ ವಾಟ್ಸಾಪ್‌ಗೆ ಹಾಕಬೇಡಿ. ಕಷ್ಟ, ಗೊತ್ತು.

4. ಬಾಗಿಲು ತೆರೆದಿದೆಯಾ ನೋಡಿ

ತಾಲೀಮಿನ ಒಳಗೆ ಪೋಷಕರು ಯಾವಾಗ ಬೇಕಾದರೂ ಬಂದು ಕೂರಬಹುದಾ? ಬಟ್ಟೆ ಬದಲಿಸುವ ಜಾಗ ಬೇರೆ ಇದೆಯಾ? ಹೆಣ್ಣು ಮಕ್ಕಳ ಬ್ಯಾಚಿಗೆ ಹಿರಿಯ ಹೆಣ್ಣುಮಗಳೊಬ್ಬಳು ಇರುತ್ತಾಳಾ? ಸ್ಪರ್ಧೆಗೆ ಬೇರೆ ಊರಿಗೆ ಹೋದರೆ ಯಾರ ಜೊತೆ, ಎಲ್ಲಿ ಮಲಗುತ್ತಾರೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ಗುರು ನಮಗೆ ಬೇಡ.

ಮೈ ಮುಟ್ಟಿ ಕಲಿಸುವ ವಿದ್ಯೆ ಇದು. ಹಿಡಿತ ಎಲ್ಲಿ, ಕೈ ಎಲ್ಲಿ ಅಂತ ಮಗುವಿಗೆ ಎರಡನೇ ವಾರದಲ್ಲೇ ಗೊತ್ತಾಗುತ್ತದೆ. "ನಿನಗೆ ಸರಿ ಅನ್ನಿಸದ ಮುಟ್ಟುವಿಕೆ ಡಾವು ಅಲ್ಲ, ಯಾರೇ ಆಗಿರಲಿ ಮನೆಗೆ ಬಂದು ಹೇಳು" ಅಂತ ಶುರುವಿನಲ್ಲೇ ಹೇಳಿ. 18ರೊಳಗಿನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಗೊತ್ತಾದ ಮೇಲೆ ಮುಚ್ಚಿಡುವುದೂ ಆ ಕಾಯ್ದೆಯಲ್ಲಿ ತಪ್ಪೇ. ಮಕ್ಕಳ ಸಹಾಯವಾಣಿ 1098. ನಂಬರನ್ನು ಮಗುವಿಗೂ ಬಾಯಿಪಾಠ ಮಾಡಿಸಿ. "ಗುರುಗಳ ಮರ್ಯಾದೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

5. ಮೊದಲ ತಿಂಗಳು ಮನೆಯಲ್ಲಿ ಕಲಿಸುವುದು

ಗರಡಿಗೆ ಇಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೆ ಹಚ್ಚುವುದು, ಹಣಮಪ್ಪನಿಗೆ ಕೈ ಮುಗಿಯುವುದು ಅಲ್ಲೇ ಕಲಿಸುತ್ತಾರೆ. ಜೂಡೊ, ಕರಾಟೆಯಲ್ಲಿ ಬಾಗಿ ವಂದಿಸುವುದೂ ಹಾಗೆಯೇ. ಮನೆಯಲ್ಲಿ ಕಲಿಸಬೇಕಾದದ್ದು ಇದಕ್ಕಿಂತ ಸಣ್ಣ ಸಂಗತಿ. ಉಗುರು ಕತ್ತರಿಸುವುದು, ಲಂಗೋಟಿ ದಿನಾ ಒಗೆದು ಬಿಸಿಲಿಗೆ ಹಾಕುವುದು, ಚರ್ಮದ ತೊಂದರೆ ಮುಚ್ಚಿಡದೆ ಹೇಳುವುದು.

ಇದು ನನ್ನದೇ ತಪ್ಪಿನಿಂದ ಕಲಿತದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ತೊಡೆಗೆ ಗಜಕರ್ಣ ಆಗಿತ್ತು. ಜಾತ್ರೆ ಕುಸ್ತಿಗೆ ಹತ್ತೇ ದಿನ ಇತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆ ಅಂತ ಚಡ್ಡಿ ಉದ್ದ ಮಾಡಿ ಮುಚ್ಚಿಕೊಂಡೆ. ಹದಿನೈದು ದಿನಕ್ಕೆ ನನ್ನ ಜೊತೆ ಹಿಡಿದ ನಾಲ್ವರಿಗೂ ಹತ್ತಿತು. ಯಾರೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಲ್ಲರ ಜೊತೆ ನಾನೂ ಸಾಲಿನಲ್ಲಿ ನಿಂತು ಮುಲಾಮು ಇಸಿದುಕೊಂಡೆ, ಅಷ್ಟೇ.

ಗಜಕರ್ಣ ವೈದ್ಯರು ಕೊಟ್ಟ ಔಷಧಿಗೆ ವಾಸಿಯಾಗುವಂಥದ್ದು. ಅದು ಇದ್ದಾಗ ರಜೆ ಹಾಕಿಸಿ. ತಲೆಗೆ ಪೆಟ್ಟು ಬಿದ್ದು ವಾಂತಿ, ತಲೆ ಸುತ್ತು, ಮಂಕು ಕಂಡರೆ ಅವತ್ತೇ ದವಾಖಾನೆ. "ಏನೂ ಆಗಿಲ್ಲ" ಅನ್ನುವ ಮಗುವಿನ ಮಾತನ್ನು ಇಲ್ಲಿ ನಂಬಬೇಡಿ. ಆಡುವ ಆಸೆಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ನಾನೇ ಸಾಕ್ಷಿ.

6. ವಯಸ್ಸು ತಿದ್ದುವ ಮಾತು ಬರುತ್ತದೆ, ತಯಾರಾಗಿರಿ

ಮಗು ಸ್ವಲ್ಪ ಚೆನ್ನಾಗಿ ಆಡತೊಡಗಿದ ಕೂಡಲೇ ಯಾರೋ ಒಬ್ಬರು ನಿಮ್ಮನ್ನು ಚಹಾದಂಗಡಿಗೆ ಕರೆಯುತ್ತಾರೆ. "ಎರಡ ವರ್ಷ ಕಡಿಮಿ ಮಾಡಿಸೋಣ್ರಿ, ಎಲ್ಲಾರೂ ಮಾಡ್ತಾರ." ನನಗೂ ಒಬ್ಬರು ಹೇಳಿದ್ದರು, ಮಗಳ ವಿಷಯದಲ್ಲಿ. ಆಗ ಒಂದು ಕ್ಷಣ ಲೆಕ್ಕ ಹಾಕಿದ್ದು ಸುಳ್ಳಲ್ಲ.

ಕುಸ್ತಿಯಲ್ಲಿ 15, 17, 20ರೊಳಗಿನವರು ಅಂತ ಗುಂಪು ಮಾಡುವುದು ಸುಮ್ನೆ ಅಲ್ಲ. ಆ ವಯಸ್ಸಿನಲ್ಲಿ ಎರಡು ವರ್ಷ ಅಂದ್ರೆ ಎಲುಬಿನಲ್ಲಿ, ಸ್ನಾಯುವಿನಲ್ಲಿ ಬಹಳ ಅಂತರ. ನಿಮ್ಮ ಹದಿನೇಳರ ಮಗ ಹದಿನೈದರವನನ್ನು ಎತ್ತಿ ಹಾಕಿದಾಗ ಪೆಟ್ಟಾಗುವುದು ಬೇರೆ ಯಾರದೋ ಮಗನಿಗೆ.

ಸಿಕ್ಕಿ ಬೀಳುವುದೂ ಉಂಟು. ವಯಸ್ಸಿನ ವಂಚನೆ ತಡೆಯಲು ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ರಾಷ್ಟ್ರೀಯ ಸಂಹಿತೆ ತಂದಿದೆ. ಅನುಮಾನ ಬಂದರೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆ ನೋಡುತ್ತಾರೆ. ಇದಕ್ಕೆ 'ಟಿಡಬ್ಲ್ಯೂ3' ಪರೀಕ್ಷೆ ಅಂತ ಹೆಸರು. ಸಿಕ್ಕಿದರೆ ಆಡುವುದಕ್ಕೇ ನಿಷೇಧ. ಆಮೇಲೆ ಶಾಲೆ ದಾಖಲೆಯಲ್ಲಿ ಒಂದು ತಾರೀಖು, ಆಧಾರ್‌ನಲ್ಲಿ ಒಂದು, ಸರ್ಟಿಫಿಕೇಟಿನಲ್ಲಿ ಇನ್ನೊಂದು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುವ ಹೊತ್ತಿಗೆ ದಾಖಲೆ ಪರಿಶೀಲನೆಯಲ್ಲಿ ಅದೇ ಕೊರಳಿಗೆ.

ಹೀಗೆ ಮಾಡಿ: ಸೇರಿಸುವ ದಿನವೇ ಜನನ ಪ್ರಮಾಣಪತ್ರದ ನಕಲು ಕೊಟ್ಟು, "ಫಾರ್ಮಿನಲ್ಲಿ ಇದೇ ತಾರೀಖು ಇರಲಿ ಸರ್" ಅನ್ನಿ. ಪ್ರತಿ ಸ್ಪರ್ಧೆಯ ಫಾರ್ಮನ್ನೂ ನೀವೇ ಓದಿ ಸಹಿ ಹಾಕಿ. ಖಾಲಿ ಫಾರ್ಮಿಗೆ ಸಹಿ ಬೇಡವೇ ಬೇಡ.

7. ತೂಕ, ಖುರಾಕು, ಡಬ್ಬಿ ಪುಡಿ

ಕಡಿಮೆ ತೂಕದ ಗುಂಪಿಗೆ ಇಳಿದರೆ ಗೆಲುವು ಸುಲಭ ಅಂತ ಮಕ್ಕಳಿಗೆ ನೀರು ಬಿಡಿಸಿ, ಪ್ಲಾಸ್ಟಿಕ್ ಕೋಟು ಹಾಕಿಸಿ ಓಡಿಸುವವರಿದ್ದಾರೆ. ಬೆಳೆಯುವ ಮಗುವಿಗೆ ಇದು ಬೇಡ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಂತೂ ಜೀವಕ್ಕೇ ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ ನೂರು ಗ್ರಾಂ ಜಾಸ್ತಿ ತೂಗಿ ಹೊರಬಿದ್ದದ್ದು ನೆನಪಿದೆ ಅಲ್ವಾ? ಅಷ್ಟು ದೊಡ್ಡ ತಂಡ ಜೊತೆಗಿದ್ದೂ ಆಗಲಿಲ್ಲ. ನಮ್ಮ ಮಕ್ಕಳು ತಮ್ಮ ಸಹಜ ತೂಕದಲ್ಲೇ ಆಡಲಿ.

ಖುರಾಕು ಅಂದ್ರೆ ಪೈಲ್ವಾನರ ಊಟ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಜೋಳದ ರೊಟ್ಟಿ, ಬೇಳೆ, ಶೇಂಗಾ. ಮನೆಯ ಶಕ್ತಿಗೆ ತಕ್ಕ ಹಾಗೆ ಕೊಡಿ, ಸಾಲ ಮಾಡಿ ಬಾದಾಮಿ ತರಬೇಡಿ. ಡಬ್ಬಿ ಪುಡಿ, ಇಂಜೆಕ್ಷನ್ ಮಾತು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಡೋಪಿಂಗ್ ಅಂದ್ರೆ ನಿಷೇಧಿತ ಔಷಧಿ ತಗೊಂಡು ಆಡುವುದು. ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು 'ನಾಡಾ' ಅನ್ನುವ ಸಂಸ್ಥೆ, 2022ರಲ್ಲಿ ಇದಕ್ಕೇ ಕಾಯ್ದೆಯೂ ಬಂದಿದೆ. ನಿಯಮ ಖಡಕ್: ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. "ಕೋಚ್ ಕೊಟ್ರು, ಏನಿತ್ತೋ ಗೊತ್ತಿಲ್ಲ" ಅಂದ ಮಾತ್ರಕ್ಕೆ ಬಿಡುವುದಿಲ್ಲ. ಕೆಲವು ನೆಗಡಿ ಮಾತ್ರೆಯಲ್ಲೂ ನಿಷೇಧಿತ ಅಂಶ ಇರುತ್ತದೆ. ಹಾಗಾಗಿ ರಾಜ್ಯಮಟ್ಟಕ್ಕೆ ಹೋದ ಮೇಲೆ ಮಾತ್ರೆ ಚೀಟಿ ಬರೆಯುವ ವೈದ್ಯರಿಗೆ "ಇವನು ಆಟಗಾರ" ಅಂತ ಮೊದಲೇ ಹೇಳಿ.

8. ಜಾತ್ರೆ ಕಣಕ್ಕೆ ಇಳಿಸುವಾಗ

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬೆಳಗಾವಿಯಲ್ಲಿ ಆನಂದವಾಡಿ ಅಖಾಡ, ಆಮೇಲೆ ಊರೂರ ಜಾತ್ರೆಗಳ ಜಂಗೀ ನಿಕಾಲಿ ಕುಸ್ತಿ. ಜಂಗೀ ಅಂದ್ರೆ ಭಾರೀ, ನಿಕಾಲಿ ಅಂದ್ರೆ ತೀರ್ಮಾನ ಆಗಲೇಬೇಕಾದ ಕುಸ್ತಿ. ಹಲಗಿ ಸದ್ದಿಗೆ ಮಗುವಿನ ರೋಮ ನಿಂತರೆ ಸಹಜ, ನಿಮ್ಮದೂ ನಿಲ್ಲುತ್ತದೆ.

ಇಲ್ಲಿ ಎರಡು ಸಂಗತಿ. ಒಂದು, ಜೋಡಿ ಹಚ್ಚುವುದು, ಅಂದ್ರೆ ಯಾರಿಗೆ ಯಾರು ಅಂತ ಸರಿ ತೂಗಿಸಿ ನಿಲ್ಲಿಸುವುದು. ಮಗುವಿಗೆ ತೀರ ದೊಡ್ಡ ಜೋಡಿ ಹಚ್ಚಿದರೆ ಹಿಂದೆ ಸರಿಸಿ, ಅದರಲ್ಲಿ ಅವಮಾನ ಇಲ್ಲ. ತೀರ ಸಣ್ಣ ಜೋಡಿ ಹಚ್ಚಿದರೂ ಸರಿಸಿ. ಎರಡನೆಯದನ್ನು ಮಾಡುವ ಅಪ್ಪಂದಿರು ಕಡಿಮೆ.

ಎರಡು, ಮೊದಲೇ ಮಾತಾಡಿಕೊಂಡ ಕುಸ್ತಿ. ಹಿಂದಿ, ಮರಾಠಿಯಲ್ಲಿ ನೂರಾ ಕುಸ್ತಿ ಅನ್ನುತ್ತಾರೆ. "ನೀ ಬೀಳು, ಇನಾಮು ಅರ್ಧ ಅರ್ಧ" ಅಂತ ಹುಡುಗರೇ ಹುಡುಗರ ಜೊತೆ ಮಾತಾಡಿಕೊಳ್ಳುತ್ತಾರೆ. ಐನೂರು ರೂಪಾಯಿ ಇನಾಮಿಗೂ ಇದು ನಡೆಯುತ್ತದೆ. ಕಣದ ಸುತ್ತ ಕೂತ ಮುದುಕರಿಗೆ ಮೊದಲ ಹಿಡಿತದಲ್ಲೇ ತಿಳಿಯುತ್ತದೆ, ಎದ್ದು ಎಲೆ ಅಡಿಕೆ ಉಗುಳಿ ಹೋಗುತ್ತಾರೆ. ನಿಮ್ಮ ಮಗ ಹೀಗೆ ದುಡ್ಡು ತಂದ ಅಂತ ತಿಳಿದರೆ ಹೊಡೆಯಬೇಡಿ. ದುಡ್ಡನ್ನು ಅವನ ಕೈಲೇ ವಸ್ತಾದರಿಗೆ ಒಪ್ಪಿಸಿ, ಹೇಗೆ ಬಂತು ಅಂತ ಅವನ ಬಾಯಲ್ಲೇ ಹೇಳಿಸಿ. ನೀವು ಬಾಗಿಲ ಹೊರಗೆ ನಿಲ್ಲಿ.

9. ಬೀದಿಯಲ್ಲಿ ಕೈ ಮಾಡಿದರೆ

ಒಂದಲ್ಲ ಒಂದು ದಿನ ಶಾಲೆಯಿಂದ ಫೋನ್ ಬರುತ್ತದೆ. ಆಗ ಎರಡು ಕಡೆಯ ಮಾತನ್ನೂ ಕೇಳಿ. ಏಟು ತಪ್ಪಿಸಿಕೊಂಡು ಹಿಡಿದು ಕೂರಿಸಿದ್ದರೆ ಅದಕ್ಕಾಗಿಯೇ ಕಲಿತದ್ದು. ತಾನೇ ಮೊದಲು ಕೈ ಎತ್ತಿದ್ದರೆ ವಿಷಯವನ್ನು ವಸ್ತಾದರಿಗೆ ಮುಟ್ಟಿಸಿ. ಕರಾಟೆಯಲ್ಲಿ ಮೊದಲ ಏಟು ನಮ್ಮದಲ್ಲ ಅನ್ನುವುದು ಹಳೆಯ ಕಟ್ಟಳೆ. ತಾಲೀಮಿನಲ್ಲೂ ಒಳ್ಳೆಯ ವಸ್ತಾದರು ಇಂಥ ಹುಡುಗನಿಗೆ ಕುಸ್ತಿ ನಿಲ್ಲಿಸಿ ಬರೀ ಸಾಮು, ಮಣ್ಣು ಕೆದರುವ ಕೆಲಸ ಕೊಡುತ್ತಾರೆ. ಎಷ್ಟು ವಾರ ಅನ್ನುವುದನ್ನು ಅವರಿಗೇ ಬಿಡಿ. ವಿಷಯ ಕೇಳಿ ವಸ್ತಾದರೇ "ಭೇಷ್, ಎಷ್ಟ ಮಂದಿನ್ನ ಹಾಕ್ದಿ?" ಅಂತ ನಕ್ಕರೆ ಮುಂದಿನ ಹಂತಕ್ಕೆ ಬನ್ನಿ.

10. ಬಿಡಿಸಬೇಕಾದಾಗ

ಮಗುವಿಗೆ ಬಾಸುಂಡೆ ಬರುವ ಹಾಗೆ ಹೊಡೆತ, ವಯಸ್ಸು ತಿದ್ದಲು ಒತ್ತಾಯ, ಲೆಕ್ಕ ಕೊಡದ ದುಡ್ಡು. ಇವುಗಳಲ್ಲಿ ಒಂದಾದರೂ ಸಾಕು, ಬಿಡಿಸಿ. ಮಗುವಿನ ಸುರಕ್ಷತೆಯ ವಿಷಯವಾದರೆ ಅವತ್ತೇ ಬಿಡಿಸಿ, ಯಾರಿಗೂ ಹೇಳಿ ಹೋಗಬೇಕಿಲ್ಲ.

ಉಳಿದಂತೆ ಫೋನ್ ಎತ್ತದೆ ಕಣ್ಮರೆ ಆಗಬೇಡಿ. ನಮ್ಮ ಕಡೆ ಈ ಚಟ ಜಾಸ್ತಿ. ಮೊದಲು ಬೆಲ್ಟ್ ಸರ್ಟಿಫಿಕೇಟು, ಸ್ಪರ್ಧೆಯ ಮೂಲ ಪತ್ರಗಳು, ಗುರುತಿನ ಚೀಟಿ ಎಲ್ಲ ನಿಮ್ಮ ಕೈಲಿವೆಯಾ ನೋಡಿಕೊಳ್ಳಿ. ಆಮೇಲೆ ಮಗುವನ್ನು ಕರೆದುಕೊಂಡು, ಕೈಲೊಂದು ತೆಂಗಿನಕಾಯಿ ಹಿಡಿದು ಸಾಮು ಶುರುವಾಗುವ ಮುಂಚೆ ಹೋಗಿ. ಬಿಡುವ ಕಾರಣವನ್ನು ನೀವು ಹೇಳಿ, ಕಲಿಸಿದ್ದಕ್ಕೆ ನಮಸ್ಕಾರ ಮಗು ಮಾಡಲಿ. ಬಾಕಿ ಫೀ ಇದ್ದರೆ ಅವತ್ತೇ ಕೊಟ್ಟು ರಸೀದಿ ತಗೊಳ್ಳಿ. ಹೊಸ ಜಾಗಕ್ಕೆ ಮರುದಿನವೇ ಸೇರಿಸಬೇಡಿ. ಮತ್ತೆ ಮೂರು ಸಂಜೆ, ಅದೇ ನೋಟ್‌ಬುಕ್, ಈ ಸಲ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ನೋಡಬೇಕು ಅಂತ ಈಗ ಅದಕ್ಕೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.